ಕೆಂಪಂಗಿಯವನೂ ಶುಕ್ರವಾರದ ಫೋನೂ

ಹೆಂಡತಿ, ಮಗಳು ಊರಿಗೆ ಹೋದ ಮೇಲೆ ನಾನು ದುಬೈಯ ಅಲ್ ಕುಸೈಸಿನಲ್ಲಿ ಒಂದು ಬೆಡ್‌ಸ್ಪೇಸಿಗೆ ಬಂದೆ. ಕಂಪನಿಯವರು ಮನೆ ಭತ್ಯೆ ಕಡಿಮೆ ಮಾಡಿದ ವರ್ಷ ಅದು. ನಮ್ಮ ಹಾಗೆ ಎಷ್ಟೋ ಮಂದಿ ಸಂಸಾರವನ್ನು ವಿಮಾನ ಹತ್ತಿಸಿ, ಸೋಫಾ, ಟೀವಿ ಮಾರಿ, ಒಂದು ಮಂಚ ಒಂದು ಕಪಾಟಿಗೆ ಇಳಿದಿದ್ದರು. ಮಗಳು ಆಗ ಎಂಟನೇ ಕ್ಲಾಸು ಮುಗಿಸಿದ್ದಳು. ಉಡುಪಿಯಲ್ಲಿ ಶಾಲೆ ಹುಡುಕಿ ಒಂಬತ್ತನೆಯದಕ್ಕೆ ಸೇರಿಸಿದ್ದು, ಯೂನಿಫಾರ್ಮ್ ಹೊಲಿಸಿದ್ದು ಎಲ್ಲ ಹೆಂಡತಿಯೇ. ನಾನು ಸಿಲಿಕಾನ್ ಓಯಸಿಸಿನ ಸ್ಟೋರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಪೆಟ್ಟಿಗೆಗಳ ನಡುವೆ ನಿಂತು ಫೋನಿನಲ್ಲಿ "ಆಯ್ತು, ಆಯ್ತು" ಎಂದದ್ದಷ್ಟೇ.

ಮೊದಮೊದಲು ಮಗಳ ಮಾತು ಮುಗಿಯುತ್ತಿರಲಿಲ್ಲ. ಹೊಸ ಬಸ್ಸು, ಹೊಸ ಟೀಚರು, ಬೆಂಚಿನಲ್ಲಿ ಪಕ್ಕ ಕೂರುವವಳ ಜಂಬ. ಒಂದು ವರ್ಷ ಕಳೆಯುವಾಗ ಅದೆಲ್ಲ ಒಣಗಿತು.

"ಊಟ ಆಯ್ತಾ ಮಗಾ?"

"ಹ್ಞೂಂ."

"ಎಂತ ಪದಾರ್ಥ?"

"ಎಂತದೋ. ಮೀನು."

"ಓದ್ತಾ ಇದ್ದಿಯಾ?"

"ಹ್ಞೂಂ ಪಪ್ಪ. ಮಮ್ಮಿಗೆ ಕೊಡ್ತೇನೆ."

ಈ "ಮಮ್ಮಿಗೆ ಕೊಡ್ತೇನೆ" ಎನ್ನುವ ಮಾತು ಯಾವಾಗ ಬರುತ್ತದೋ ಎಂದು ನನಗೆ ಫೋನು ಹಚ್ಚುವಾಗಲೇ ಹೆದರಿಕೆ ಶುರುವಾಯಿತು. ಅವಳಿಗೆ ಸಿಟ್ಟು ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ನನ್ನ ಹತ್ತಿರ ಹೇಳುವಂಥದ್ದು ಏನೂ ಉಳಿದಿರಲಿಲ್ಲ, ಅಷ್ಟೆ. ಅಪ್ಪನೆಂದರೆ ತನ್ನ ರಜೆಯ ದಿನ, ಶುಕ್ರವಾರ ಸಂಜೆ, ಕೇಳುವ ನಾಲ್ಕು ಪ್ರಶ್ನೆ ಎಂದಾಗಿತ್ತು. ಇದು ಹೀಗೇ ಹೋದರೆ ಇನ್ನೊಂದು ವರ್ಷದಲ್ಲಿ ಅಷ್ಟೂ ಇರುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಅವಳು ಹತ್ತನೆಯದಕ್ಕೆ ಬಂದ ಹೊಸತರಲ್ಲಿ ಒಮ್ಮೆ, "ಹಿಸ್ಟರಿ ಅಂದ್ರೆ ಬೋರು ಪಪ್ಪ, ತಲೆಗೇ ಹೋಗುದಿಲ್ಲ" ಎಂದಳು. ಅಷ್ಟೇ ಸಾಕಾಯಿತು ನನಗೆ.

ನಮ್ಮ ಬಿಲ್ಡಿಂಗಿನಲ್ಲಿ ಒಂದು ರೂಢಿಯಿತ್ತು. ವೀಸಾ ಮುಗಿಸಿ ಊರಿಗೆ ಹೊರಟವರು ಒಯ್ಯಲಾಗದ ಸಾಮಾನನ್ನು ಲಿಫ್ಟಿನ ಪಕ್ಕ ಇಟ್ಟು ಹೋಗುತ್ತಿದ್ದರು. ಬೇಕಾದವರು ಎತ್ತಿಕೊಳ್ಳಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಇಸ್ತ್ರಿ ಮೇಜು, ಮಕ್ಕಳ ಸೈಕಲ್ಲು, ಅರ್ಧ ಉಳಿದ ಉಪ್ಪಿನಕಾಯಿ ಜಾಡಿ. ಅಲ್ಲಿ ಇಂಡಿಯನ್ ಸ್ಕೂಲಿನ ಹತ್ತನೇ ಕ್ಲಾಸಿನ ಹಿಸ್ಟರಿ ಪುಸ್ತಕ ಸಿಕ್ಕಿತು. ಮೊದಲ ಪಾಠವೇ ಯುರೋಪಿನದು: ಕ್ರಾಂತಿ, ಸಾಮ್ರಾಜ್ಯ, ರಾಷ್ಟ್ರೀಯತೆ. ಯಾವುದೋ ಮಗು ಗುಲಾಬಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಒಬ್ಬ ರಾಜನಿಗೆ ಕೋಡು ಬರೆದಿತ್ತು.

ಮುಂದಿನ ಶುಕ್ರವಾರ ಮಗಳನ್ನು ಕೇಳಿದೆ. "ನಿಮ್ಗೆ ಫಸ್ಟ್ ಲೆಸನ್ ಯುರೋಪಲ್ವಾ?"

"ಯುರೋಪಿನವರದ್ದು ಎಂತದೋ ಉಂಟು."

"ಹಾಗಾದ್ರೆ ನಾನು ಹೇಳಿ ಕೊಡ್ತೇನೆ. ವಾರಕ್ಕೆ ಸ್ವಲ್ಪ ಸ್ವಲ್ಪ."

"ಸರಿ, ಹೇಳಿ ಪಪ್ಪ" ಎಂದಳು.

ಬಿ.ಕಾಂ. ಓದಿದ ನನಗೆ ಚರಿತ್ರೆ ಅಂದರೆ ನಮ್ಮ ಊರಿನ ಜಾಗದ ಗಡಿ ಜಗಳಗಳಷ್ಟೇ. ಆದರೂ ಸ್ಟೋರಿನಲ್ಲಿ ಟಿಫಿನ್ ಬಿಚ್ಚುವಾಗ ಪುಸ್ತಕವನ್ನೂ ಬಿಚ್ಚುತ್ತಿದ್ದೆ. ಆ ಯುರೋಪಿನವರ ಹೆಸರುಗಳು ಬಾಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಊರಲ್ಲಿ ಮಾಡುವ ಹಾಗೆ ಅಡ್ಡಹೆಸರು ಇಟ್ಟೆ. ಇಟಲಿಯನ್ನು ಒಂದು ಮಾಡಲು ಕೆಂಪಂಗಿಯ ಪಡೆ ಕಟ್ಟಿಕೊಂಡು ಹಡಗು ಹತ್ತಿದವನು ಕೆಂಪಂಗಿಯವ. ಅದಕ್ಕೆ ತೆರೆಮರೆಯಲ್ಲಿ ಲೆಕ್ಕಾಚಾರ ಹಾಕಿದ ಮಂತ್ರಿ ಕನ್ನಡಕದವ. ಜರ್ಮನಿಯ ಚೂರುಗಳನ್ನು ಯುದ್ಧದಿಂದಲೇ ಹೊಲಿದವನು ಮೀಸೆಯವ. ಫ್ರಾನ್ಸಿನಲ್ಲಿ ಕ್ರಾಂತಿಯ ಬೆನ್ನಲ್ಲೇ ಬಂದು, ತಾನೇ ಚಕ್ರವರ್ತಿಯಾಗಿ ಯುರೋಪನ್ನೆಲ್ಲ ಗುಡಿಸಿದವನು ಟೊಪ್ಪಿಯವ.

"ಪಪ್ಪ, ಟೊಪ್ಪಿಯವ ರಾಜನನ್ನು ಓಡಿಸಿದವರ ಕಡೆಯವನಲ್ವಾ? ಮತ್ತೆ ಅವನೇ ಯಾಕೆ ರಾಜ ಆದದ್ದು?"

"ಖುರ್ಚಿ ಖಾಲಿ ಇತ್ತಲ್ಲ ಮಗಾ."

ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳದೆ.

ಫೋನಿಗೆ ಕೂರುವ ನನ್ನ ಜಾಗ ಬಾಲ್ಕನಿ. ಒಣಗಲು ಹಾಕಿದ ಬನಿಯನ್ನು, ಲುಂಗಿಗಳ ನಡುವೆ ಬಕೆಟನ್ನು ಬೋರಲು ಹಾಕಿ ಕೂರುತ್ತಿದ್ದೆ. ವಿಮಾನ ನಿಲ್ದಾಣ ಹತ್ತಿರವೇ ಆದ್ದರಿಂದ ತಲೆಯ ಮೇಲೆ ಒಂದು ಹೋಗುವವರೆಗೆ ಕ್ರಾಂತಿ ನಿಲ್ಲಬೇಕು, ಆಮೇಲೆ ಮುಂದುವರಿಯಬೇಕು. ಒಳಗೆ ನನ್ನ ರೂಮ್‌ಮೇಟು ಖುಬ್ಬೂಸ್ ರೊಟ್ಟಿ ಬಿಸಿ ಮಾಡುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮಂಗಳೂರು ಕಡೆಯ ಕ್ಯಾಥೊಲಿಕ್, ಕೊಂಕಣಿ ಮಾತಿನವನು, ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಒಂದು ದಿನ ಆಸ್ಟ್ರಿಯಾದ ಚಕ್ರವರ್ತಿಯ ಕೈಕೆಳಗೆ ಎಷ್ಟೆಲ್ಲ ಭಾಷೆಯವರಿದ್ದರು ಎಂದು ನಾನು ವಿವರಿಸುತ್ತಿದ್ದಾಗ ಬಾಗಿಲಿನಿಂದ ತಲೆ ಹಾಕಿದ.

"ಅದು ನಮ್ಮ ಫ್ಲಾಟೇ ಅಲ್ವಾ ಮಾರಾಯಾ? ನೀನು ತುಳು, ನಾನು ಕೊಂಕಣಿ, ಆ ರೂಮಿನಲ್ಲಿ ಮಲಯಾಳಿಗಳು, ಹಾಲಿನಲ್ಲಿ ಪಾರ್ಟಿಶನ್ ಹಾಕಿ ಬಂಗಾಳಿ."

"ಚಕ್ರವರ್ತಿ ಯಾರು ಅಂಕಲ್?" ಮಗಳು ಸ್ಪೀಕರಿನಿಂದ ಕೇಳಿದಳು.

"ವಾಷಿಂಗ್ ಮೆಷಿನ್ ಯಾರದ್ದೋ ಅವ. ಎಲ್ಲರೂ ಅವನಿಗೆ ಹೆದರ್ಬೇಕು."

ಜರ್ಮನಿಯ ಸುಂಕದ ಪಾಠವಂತೂ ನನ್ನದೇ ಕಸುಬು. ಅಲ್ಲಿ ಚಿಕ್ಕ ಚಿಕ್ಕ ರಾಜ್ಯಗಳು, ವ್ಯಾಪಾರಿ ಬಟ್ಟೆಯ ಗಾಡಿ ಹೊಡೆದುಕೊಂಡು ಹೊರಟರೆ ಗಡಿ ಗಡಿಗೂ ನಿಲ್ಲಬೇಕು, ಬಿಚ್ಚಬೇಕು, ಸುಂಕ ಕಟ್ಟಬೇಕು. ಕೊನೆಗೆ ಆ ರಾಜ್ಯಗಳು ನಡುವಿನ ಸುಂಕ ತೆಗೆದು ಒಂದಾದವು. ನಮ್ಮ ಸ್ಟೋರಿರುವ, ಸುಂಕವಿಲ್ಲದ ಫ್ರೀ ಝೋನಿನಿಂದ ಒಂದು ಪೆಟ್ಟಿಗೆ ಹೊರಗೆ ತರಬೇಕಾದರೆ ನಾನು ಪಡುವ ಪಾಡನ್ನೇ ಅವಳಿಗೆ ಹೇಳಿದೆ. ಒಂದು ಸೀಲು ಮಸುಕಾದರೆ ಗೇಟಿನವನು "ಮಾಫಿ", ಆಗುವುದಿಲ್ಲ, ಎಂದು ಕೈಯಾಡಿಸುತ್ತಾನೆ, ಲಾರಿ ವಾಪಸ್ಸು, ಡ್ರೈವರನ ಬೈಗುಳ ನನಗೆ.

"ಹಾಗಾದ್ರೆ ಅವರು ದೇಶಪ್ರೇಮಕ್ಕೆ ಒಂದಾದದ್ದಾ, ಗೇಟ್‌ಪಾಸಿನ ಉಪದ್ರಕ್ಕೆ ಒಂದಾದದ್ದಾ?"

"ಎರಡೂ ಇರಬೇಕು. ಗೇಟಿನಲ್ಲಿ ಕಾದವನಿಗೆ ದೇಶಪ್ರೇಮ ಬೇಗ ಬರ್ತದೆ."

ಇಟಲಿ ಒಂದಾದ ಹೊತ್ತಿಗೆ ಅಲ್ಲಿಯ ಹೆಚ್ಚಿನವರಿಗೆ ಇಟಾಲಿಯನ್ನೇ ಬರುತ್ತಿರಲಿಲ್ಲ, ಅವರವರ ಊರಿನ ಮಾತು ಅವರವರಿಗೆ ಎಂದು ಓದಿದ ದಿನ ನಾನು ತುಂಬ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ನಾವಿಬ್ಬರೂ ಫೋನಿನಲ್ಲಿ ಆಡುತ್ತಿದ್ದದ್ದು ತುಳುವೇ, ಇಲ್ಲಿ ಬರೆಯುವಾಗ ಕನ್ನಡವಾಗಿದೆ. ಅವಳು ದುಬೈಯಲ್ಲಿದ್ದಾಗ ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಊರಿಗೆ ಹೋದ ಮೇಲೆ ಅವಳಿಗೆ ತುಳು ಮಾತು ಬಂದಿತ್ತು. ಮಾತು ಬಂದಾಗ ನಾನು ಅಲ್ಲಿರಲಿಲ್ಲ.

ಹೀಗೆ ಮಳೆಗಾಲ ಕಳೆಯಿತು ಅವರಿಗೆ, ನಮಗೆ ಸೆಕೆ ಕಳೆಯಿತು. ಚಳಿ ಬಂದು ಬಾಲ್ಕನಿಯಲ್ಲಿ ಕೂರಲು ಹಿತವಾಯಿತು. ಜನವರಿಯಲ್ಲಿ ಅವಳಿಗೆ ಪ್ರಿಪರೇಟರಿ ಪರೀಕ್ಷೆ. ಒಂದು ದಿನ ಮಗಳು ಟ್ಯೂಶನಿಗೆ ಹೋದ ಹೊತ್ತಿನಲ್ಲಿ ಹೆಂಡತಿಗೆ ಫೋನು ಮಾಡಿದೆ. ಇಟಲಿಯ ಮ್ಯಾಪಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಲು ಅವಳಿಗೆ ನೆನಪು ಮಾಡು ಎಂದೆ.

"ಈಗ ಇಟಲಿ ಯಾಕೆ?" ಎಂದಳು ಹೆಂಡತಿ.

"ಹಿಸ್ಟರಿಯಲ್ಲಿ. ಪರೀಕ್ಷೆಗೆ ಬರ್ತದಲ್ಲ."

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಇವ್ರೇ, ಅವಳದ್ದು ಸ್ಟೇಟ್ ಸಿಲೆಬಸ್ ಅಲ್ವಾ? ಸೇರಿಸುವಾಗ್ಲೇ ಹೇಳಿದ್ದೆ ನಿಮ್ಗೆ. ನಿಮ್ಮ ಹತ್ತಿರ ಇರುದು ಅಲ್ಲಿಯ ಶಾಲೆಯ ಪುಸ್ತಕ. ಇವಳಿಗೆ ಆ ಇಟಲಿ ಜರ್ಮನಿ ಎಲ್ಲ ಒಂಬತ್ತನೇದ್ರಲ್ಲೇ ಮುಗಿದಿದೆ. ಈ ವರ್ಷದ್ದು ಯುರೋಪಿನವರು, ಬ್ರಿಟಿಷರು ಇಲ್ಲಿಗೆ ಬಂದದ್ದು, ಮತ್ತೆ ನಮ್ಮ ಸ್ವಾತಂತ್ರ್ಯದ್ದು."

ದುಬೈಯಲ್ಲಿ ಓದಿದ ಮಗು ಎಲ್ಲಿಗೆ ಹೋದರೂ ದುಬೈಯ ಪುಸ್ತಕವನ್ನೇ ಓದುತ್ತಿದೆ ಎಂದು ನಾನು ತಿಳಿದಿದ್ದೆ. ನನ್ನ ತಲೆಯಲ್ಲಿ ಅವಳು ಇನ್ನೂ ಕುಸೈಸಿನ ಶಾಲೆಯ ಬಸ್ಸಿನಿಂದಲೇ ಇಳಿಯುತ್ತಿದ್ದಳು.

"ಮತ್ತೆ ಅವಳು ಯಾಕೆ ಹೇಳ್ಲಿಲ್ಲ?"

"ಮುಗಿದ ಪಾಠ ಪುನಃ ಯಾಕೆ ಅಂತ ನಾನೂ ಕೇಳಿದ್ದೆ. 'ಇರ್ಲಿ ಬಿಡಿ ಮಮ್ಮಿ, ಪಪ್ಪ ಮಾತಾಡ್ಲಿ, ಪಾಪ' ಹೇಳಿದ್ಳು."

ಮರುದಿನ ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಆಫೀಸಿಗೆ ಸಾಮಾನು ಮುಟ್ಟಿಸುವುದಿತ್ತು. ಡ್ರೈವರನ ಜೊತೆ ಹೋದೆ. ರಿಸೆಪ್ಶನಿನವಳು ಸಹಿ ಹಾಕುವವನು ನಮಾಜಿಗೆ ಹೋಗಿದ್ದಾನೆ ಎಂದಳು. ಡ್ರೈವರ್ ಚಹಾಕ್ಕೆ ಹೋದ. ನಾನು ವ್ಯಾನಿನಲ್ಲೇ ಕೂತೆ. ಚೀಲದಲ್ಲಿ ಪುಸ್ತಕವಿತ್ತು, ತೆಗೆಯಲಿಲ್ಲ. ಎದುರಿನ ಕಟ್ಟಡದಿಂದ ಒಬ್ಬ ಅಪ್ಪ ಸಣ್ಣ ಹುಡುಗಿಯ ಶಾಲೆಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಹೋಗುತ್ತಿದ್ದ. ಅವಳು ತಿರುಗಿಯೂ ನೋಡದೆ ಏನೇನೋ ಹೇಳುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಪಾಪ ಎಂಬ ಆ ಒಂದು ಮಾತು ನನ್ನ ಎದೆಯಲ್ಲಿ ಎಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಇಷ್ಟು ತಿಂಗಳು ನಾನು ಅವಳಿಗೆ ಪಾಠ ಹೇಳಿದ್ದಲ್ಲ, ಅವಳು ನನ್ನನ್ನು ಕೂರಿಸಿಕೊಂಡು ಮಾತಾಡಿಸಿದ್ದು. ಅವಳ ಪ್ರಶ್ನೆಗಳೆಲ್ಲ ಉತ್ತರ ಗೊತ್ತಿದ್ದೇ ಕೇಳಿದವು.

ಸಂಜೆ ರೂಮ್‌ಮೇಟಿಗೆ ಹೇಳಿದೆ. ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಈಗೆಂತ, ಖಲಾಸಾ? ನಿಲ್ಲಿಸ್ತೀಯಾ?"

"ನಿಲ್ಲಿಸ್ಬೇಕಲ್ಲ. ಪರೀಕ್ಷೆ ಹತ್ತಿರ. ಅವಳ ಟೈಮ್ ಹಾಳು."

"ನನ್ನ ಮಗ ನನ್ನ ಹತ್ತಿರ ಮಾತಾಡುದು ಮೊಬೈಲ್ ರಿಪೇರಿಗೆ ಹೋದ್ರೆ ಮಾತ್ರ. ನಿನಗೆ ಇಡೀ ಯುರೋಪ್ ಕೇಳುವವಳು ಸಿಕ್ಕಿದ್ದಾಳೆ. ನಿಲ್ಸು, ನಿಲ್ಸು. ದೊಡ್ಡ ಮನುಷ್ಯ."

ಶುಕ್ರವಾರ ಬಂತು. ಗೊತ್ತಾಗಿದೆ ಎಂದು ಹೇಳಿಬಿಡುವ, ಇಬ್ಬರೂ ನಕ್ಕುಬಿಡುವ ಎಂದುಕೊಂಡೇ ಫೋನು ಹಚ್ಚಿದೆ. ಹೇಳಿದರೆ ಅವಳಿಗೆ ನಾಚಿಕೆಯಾಗುತ್ತದೆ, ಆಮೇಲೆ ಫೋನು ಮತ್ತೆ ಹಳೆಯ ದಾರಿಗೇ ಬೀಳುತ್ತದೆ ಎಂಬುದೂ ಗೊತ್ತಿತ್ತು.

"ಪರೀಕ್ಷೆಗೆ ಓದ್ಲಿಕ್ಕೆ ಉಂಟಲ್ವಾ ಮಗಾ, ಇವತ್ತು ಬೇಡ್ವಾ?"

"ಇಲ್ಲ ಪಪ್ಪ, ಹೇಳಿ. ಮೀಸೆಯವ ಫ್ರಾನ್ಸಿನ ಮೇಲೆ ಹೋದಲ್ಲಿಗೆ ನಿಂತದ್ದು."

ನಿಂತಲ್ಲಿಂದ ಶುರು ಮಾಡಿದೆ. ಮೀಸೆಯವನ ಸೈನ್ಯ ಗೆದ್ದದ್ದು, ಸೋತವರ ಅರಮನೆಯ ಕನ್ನಡಿಗಳ ಹಾಲಿನಲ್ಲೇ ನಿಂತು ತಮ್ಮ ರಾಜನನ್ನು ಜರ್ಮನಿಯ ಚಕ್ರವರ್ತಿ ಎಂದು ಸಾರಿದ್ದು. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದಾಳೆ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಮೊದಲೂ ಹಾಗೇ ಇಡುತ್ತಿದ್ದಳೋ ಏನೋ, ನಾನು ಕಿವಿಗೊಟ್ಟದ್ದು ಆ ದಿನವೇ. ಕಂಪಾಸ್ ಬಾಕ್ಸಿನ ಮುಚ್ಚಳ ತೆರೆಯಿತು. ಸ್ಕೇಲು ಇಟ್ಟು ಗೆರೆ ಎಳೆದದ್ದು ಕೇಳಿಸಿತು, ಮತ್ತೆ ರಬ್ಬರಿನಿಂದ ಉಜ್ಜಿದ್ದು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಹ್ಞೂಂ, ಮತ್ತೆ?" ಎಂದಳು.

ಅವಳ ಗಣಿತದ ಲೆಕ್ಕ ತಪ್ಪದಿರಲಿ ಎಂದು ದನಿ ತಗ್ಗಿಸಿ ಮುಂದುವರಿಸಿದೆ.