ಓಡಿಹೋದ ಸಿಪಾಯಿಯ ಪರವಾಗಿ

ಮಹಬೂಬ್ ಸರ್ ತಮ್ಮ ಮೇಲೆ ತಾವೇ ಯುದ್ಧ ಹೂಡುತ್ತಿದ್ದರು. ಮೇಜಿನ ಮೇಲೆ ಅವರೇ ಮಾಡಿ ಬಣ್ಣ ಹಚ್ಚಿದ ಮಣ್ಣಿನ ಸಿಪಾಯಿಗಳು; ಈ ಕಡೆ ನೆಪೋಲಿಯನ್ನನ ದಂಡು, ಆ ಕಡೆ ಇಂಗ್ಲಿಷರದು. ಈ ಕುರ್ಚಿಯಲ್ಲಿ ಕೂತು ಒಂದು ಪಡೆಯನ್ನು ಮುಂದೆ ಸರಿಸುವುದು, ಎದ್ದು ಮೇಜು ಸುತ್ತಿ ಆ ಕುರ್ಚಿಯಲ್ಲಿ ಕೂತು "ಅರೇ, ಭಾಳ ಶಾಣ್ಯಾ ಆಗೀಯಲ್ಲಲೇ!" ಎಂದು ಬೈಯುವುದು. ಸಿಂಧನೂರಿನ ಅವರ ಮನೆಯ ಕೆಳಭಾಗಕ್ಕೆ ನಾನು ಬಾಡಿಗೆಗೆ ಬಂದ ಹೊಸತರಲ್ಲಿ, ಮೇಲೆ ಯಾರೋ ಇಬ್ಬರು ಗಂಡಸರು ದಿನಾ ಕಿತ್ತಾಡುತ್ತಾರೆ ಅಂದುಕೊಂಡಿದ್ದೆ.

ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತರಾದವರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ಏನೇನೋ ನೋಡುತ್ತ ಈ ಯುದ್ಧದಾಟಕ್ಕೆ ಬಿದ್ದಿದ್ದರು. ಆಟಕ್ಕೆ ನಿಯಮ ಬೇಕಲ್ಲ, ಅದಕ್ಕೆ ಆ ಕಾಲದ ಸಿಪಾಯಿಗಳು ಬರೆದಿಟ್ಟ ನೆನಪುಗಳನ್ನು ಹುಡುಕಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದರು.

"ಸೇನಾಪತಿ ಬರದದ್ದು ಓದಿದ್ರ ಯಾರು ಗೆದ್ರು ಅಂತ ಗೊತ್ತಾಗ್ತದ ತಂಗೀ. ಅಲ್ಲಿ ಏನ್ ಆತು ಅಂತ ಸಿಪಾಯಿನ್ನ ಕೇಳ್ಬೇಕು."

ಹೊಲದ ಕೆಸರಿನಲ್ಲಿ ಬೂಟು ಕಳಚಿಹೋಯಿತೆಂದು ಒಬ್ಬ ಬರೆದಿದ್ದನ್ನು ಓದಿ ಅವರು ಬಿದ್ದು ಬಿದ್ದು ನಕ್ಕರು. "ಮುಕ್ಕುಂದದ ಗದ್ದಿ ಅಳಕೋತ ಅಡ್ಡಾಡಿದಾಂವಗ ಇದನ್ನ ಹೇಳ್ಬೇಕೇನು?" ಅಂದಿನಿಂದ ಮಳೆ ಬಿದ್ದ ಹೊಲದಲ್ಲಿ ಅವರ ದಂಡು ಅರ್ಧ ದೂರ ಮಾತ್ರ ನಡೆಯಿತು. ಇನ್ನೊಬ್ಬ, ಹೊಗೆಯಲ್ಲಿ ಮುಂದಿನವನ ಬೆನ್ನು ಬಿಟ್ಟು ಏನೂ ಕಾಣಲಿಲ್ಲವೆಂದಿದ್ದ. ಮೇಜಿನ ಮೇಲೆ ಹತ್ತಿಯ ಹೊಗೆ ಎದ್ದಿತು.

ಹತ್ತಿ ತಂದುಕೊಡುತ್ತಿದ್ದವರು ಮಸ್ಕಿಯ ವ್ಯಾಪಾರಿ ಬಸಣ್ಣ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಪ್ರತಿ ಭಾನುವಾರ ಬಸ್ಸಿಗೆ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಸಂಜೆಯವರೆಗೆ ಆಡಿ ಹೋಗುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಸರ್‌ಗೆ ಇದ್ದ ಎದುರಾಳಿ ಅವರೊಬ್ಬರೇ. ಭಾನುವಾರ ಸರ್ ಗಡ್ಡಕ್ಕೆ ಮೆಹಂದಿ ಹಚ್ಚಿ, ಇಸ್ತ್ರಿ ಮಾಡಿದ ಜುಬ್ಬಾ ಹಾಕುತ್ತಿದ್ದರು. ಗಂಡು ನೋಡಲು ಬರುವವರಿದ್ದಾರಾ ಎಂದು ನಾನು ಕಾಡುತ್ತಿದ್ದೆ.

ಆಮೇಲೆ ಹೊಸ ನಿಯಮವೊಂದು ಬಂತು. ಫಿರಂಗಿಗೆ ಎದುರಾದ ಪಡೆಗೆ ದಾಳ ಹಾಕಬೇಕು. ಕಡಿಮೆ ಬಿದ್ದರೆ ಆಡುವವನು ಬೇಡವೆಂದರೂ ಆ ಪಡೆ ಓಡಿಹೋಗಬೇಕು. ಅಂದು ನಾನು ಚಹಾ ಕೊಡಲು ಮೇಲೆ ಹೋಗಿದ್ದೆ. ಬಸಣ್ಣ ಗೆಲ್ಲುವ ಹೊತ್ತು. ದಾಳ ಬಿತ್ತು, ಅವರ ಮುಂಚೂಣಿ ಪಡೆ ಓಡಬೇಕಾಯಿತು.

"ನನ್ನ ಮಂದಿ ನನ್ನ ಮಾತ ಕೇಳಂಗಿಲ್ಲಂದ್ರ ನಾ ಯಾಕ ಆಡ್ಲಿ ಮಹಬೂಬಾ? ತಗದುಬಿಡು ಈ ನಿಯಮ."

"ತಗ್ಯಂಗಿಲ್ಲ ಬಸ್ಯಾ."

ಬಸಣ್ಣ ಚಪ್ಪಲಿ ಮೆಟ್ಟಿ ಇಳಿದುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸರ್ ಮೆಹಂದಿ ಹಚ್ಚುವುದನ್ನೂ ಬಿಟ್ಟರು. ಗಡ್ಡ ಬುಡದಿಂದ ಬೆಳ್ಳಗಾಗುತ್ತ ಬಂತು. ಮೇಲಿನ ಬೈಗುಳವೂ ನಿಂತಿತು. ಕುರ್ಚಿ ಎಳೆಯುವ ಸದ್ದಷ್ಟೇ, ಈ ಕಡೆ ಒಮ್ಮೆ, ಆ ಕಡೆ ಒಮ್ಮೆ. ಅದನ್ನು ಕೇಳಿ ನನಗೆ ಸಂಕಟವಾಗುತ್ತಿತ್ತು.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಒಂದು ನಿಯಮಕ್ಕಾಗಿ ಇದ್ದೊಬ್ಬ ದೋಸ್ತನ್ನ ಕಳಕೋತೀರೇನ್ರೀ ಸರ್?"

ಅವರು ಪ್ರಿಂಟಿನ ಕಟ್ಟಿನಿಂದ ಒಂದು ಹಾಳೆ ಎಳೆದರು. "ನಾ ಅಂಜಿ ಓಡಿದೆ ಅಂತ ಒಬ್ಬ ಸಿಪಾಯಿ ಖುದ್ದ ಬರದಾನವ್ವಾ. ಶೂರ ಇದ್ದೆ ಅಂತ ಬರದಿದ್ರ ಯಾರು ಕೇಳಾವ್ರಿದ್ರು? ಖರೇ ಬರದಾನ. ಅವನ ಮಾತು ಹಿಡಿಯಾಕ ಈ ಊರಾಗ ನಾ ಒಬ್ಬಾಂವ ಅದೀನಿ. ಬಸ್ಯಾಗ ಮನಿ ಅದ, ಮಂದಿ ಅದಾರ. ಆ ಸಿಪಾಯಿಗ ನನ್ನ ಬಿಟ್ರ ಯಾರದಾರ?" ನನಗೆ ಸಿಟ್ಟು ಬಂತು. ಸತ್ತು ಎಷ್ಟೋ ಕಾಲವಾದ ಯಾವನೋ ಪರದೇಶಿಯನ್ನು ಒಂಟಿ ಮಾಡಬಾರದೆಂದು ಈ ಮನುಷ್ಯ ತಾನು ಒಂಟಿಯಾಗಿ ಕೂತಿದ್ದರು.

ರಂಜಾನ್ ಕಳೆದ ಮೇಲೆ ಸರ್ ಹೃದಯಾಘಾತದಿಂದ ತೀರಿಕೊಂಡರು. ಗುರುಗುಂಟಾದಿಂದ ಬಂದಿದ್ದ ಅವರ ಅಣ್ಣನ ಮಗ ಮೇಲಿನ ಮನೆಯ ಬೀಗದ ಕೈ ನನ್ನ ಬಳಿ ಬಿಟ್ಟುಹೋದ. ಆ ಭಾನುವಾರ ಬಸಣ್ಣ ಬಂದರು. ಮಣ್ಣಿಗೆ ಬರಲಾಗಲಿಲ್ಲ, ಸುದ್ದಿ ತಡವಾಗಿ ಮುಟ್ಟಿತು ಎಂದರು. ಬಾಗಿಲು ತೆಗೆದುಕೊಟ್ಟೆ. ಸರ್ ಅರ್ಧಕ್ಕೆ ಬಿಟ್ಟ ಆಟ ಮೇಜಿನ ಮೇಲೆ ಹಾಗೇ ಇತ್ತು.

ತಮ್ಮ ಕುರ್ಚಿಯಲ್ಲಿ ಕೂತ ಬಸಣ್ಣ ನನಗೆ ಎದುರಿನದನ್ನು ತೋರಿಸಿದರು. "ಕೂಡವ್ವಾ."

"ನನಗ ಈ ಆಟ ಬರಂಗಿಲ್ರೀ."

"ಸುಮ್ಮ ಕೂಡು, ಸಾಕು."

ಫಿರಂಗಿಗೆ ಎದುರಾಗಿದ್ದ ತಮ್ಮ ಪಡೆಗೆ ಅವರೇ ದಾಳ ಹಾಕಿದರು. ಕಡಿಮೆ ಬಿತ್ತು. "ನಾ ನೋಡಿಲ್ಲ ಬಿಡ್ರಿ" ಎಂದೆ. ಬಸಣ್ಣ ಬೇಡವೆಂದು ತಲೆಯಾಡಿಸಿ, ಒಬ್ಬೊಬ್ಬ ಸಿಪಾಯಿಯನ್ನೂ ಎತ್ತಿ ಮೇಜಿನ ತಮ್ಮ ಕಡೆಯ ಅಂಚಿಗೆ ತಂದು, ಫಿರಂಗಿಗೆ ಬೆನ್ನು ಮಾಡಿ ಇಟ್ಟರು.

"ಓಡಿಹೋದ್ರು" ಎಂದರು. "ಮಹಬೂಬಗ ಈಗ ಯಾರು ಹೇಳ್ತಾರ?"

ಎದುರಿಗೆ ನಾನಿದ್ದೆ. ಅವರು ಕೇಳಿದ್ದು ನನ್ನನ್ನಲ್ಲ.