ಉರುಳುವ ಗಾಲಿಯ ಮೇಲೆ ಮೂರು ಕರಟ

ನಾನು ಓದು ಬಿಟ್ಟಿದ್ದು ೧೯೫೨ರಲ್ಲಿ, ನಾಲ್ಕನೇ ತರಗತಿಯ ನಡುವೆ. ಬುದ್ಧಿ ಸಾಲದೆ ಬಿಟ್ಟವನಲ್ಲ. ಮಗ್ಗಿ ಇಪ್ಪತ್ತರ ತನಕ ಬರುತ್ತಿತ್ತು, ಓದುವುದಕ್ಕೂ ಬರೆಯುವುದಕ್ಕೂ ತೊಡಕಿರಲಿಲ್ಲ. ನಮ್ಮಪ್ಪ ಮರ ಕೊಯ್ಯುವವರು. ಅವರ ಜೊತೆಯವನು ಕೆಲಸ ಬಿಟ್ಟು ಘಟ್ಟ ಇಳಿದ ಮೇಲೆ ಗರಗಸದ ಇನ್ನೊಂದು ತುದಿ ಹಿಡಿಯಲಿಕ್ಕೆ ಒಬ್ಬರು ಬೇಕಾಗಿತ್ತು, ಅಷ್ಟೇ. ಕವಲೇದುರ್ಗದ ಕೆಳಗಿನ ನಮ್ಮ ಊರಿನಿಂದ ಹೊರಟು ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಎಲ್ಲಿ ಮನೆ ಏಳುತ್ತದೋ ಅಲ್ಲಿಗೆ ಹೋಗುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೂ ಆಯಾ ಊರಿನ ಆಳೊಬ್ಬನನ್ನು ಜೊತೆಗೆ ಹಾಕಿಕೊಂಡು ನಾನು ಅದನ್ನೇ ಹಿಡಿದೆ. ದಾರಕ್ಕೆ ಮಸಿ ಬಳಿದು ತೊಲೆಯ ಮೇಲೆ ಗೆರೆ ಹೊಡೆದರೆ, ಕೊಯ್ದಾದ ಮೇಲೆ ಆ ಗೆರೆಯ ಅರ್ಧ ಈ ಹಲಗೆಯಲ್ಲಿ, ಅರ್ಧ ಆ ಹಲಗೆಯಲ್ಲಿ ಇರಬೇಕು. ಹಾಗೆ ಕೊಯ್ಯುವವರು ಆಗ ಮೂರು ತಾಲ್ಲೂಕಿನಲ್ಲಿ ಹೆಚ್ಚು ಜನ ಇರಲಿಲ್ಲ. ಜಂಬ ಅನ್ನುವವರು ಅನ್ನಲಿ. ಕೈ ನಡುಗಬಾರದೆಂದು ನಾನು ಕಳ್ಳನ್ನು ಮೂಸಿಯೂ ನೋಡಿರಲಿಲ್ಲ.

ಅರವತ್ನಾಲ್ಕರ ಬೇಸಿಗೆಯಲ್ಲಿ ಹೊಸನಗರ ತಾಲ್ಲೂಕಿನ ಅರಸಾಳು ಹತ್ತಿರದ ಒಂದು ಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಪಕ್ಕದ ಮನೆಯ ಹುಡುಗಿಯೊಬ್ಬಳು ದಿನಾ ಸಂಜೆ ಬುಟ್ಟಿ ತಂದು ಗರಗಸದ ಹುಡಿ ತುಂಬಿಕೊಂಡು ಹೋಗುತ್ತಿದ್ದಳು, ಒಲೆ ಹೊತ್ತಿಸಲಿಕ್ಕೆ. ನಾಲ್ಕನೆಯ ದಿನ ಒರಗಿಸಿಟ್ಟ ಹಲಗೆಯ ಮೇಲೆ ಅಂಗೈ ಆಡಿಸಿ, "ಇದನ್ನ ಇನ್ನು ಉಜ್ಜೋದೇ ಬ್ಯಾಡ" ಅಂದಳು. ನನ್ನ ಕಡೆ ನೋಡಿ ಹೇಳಿದ್ದಲ್ಲ, ಹಲಗೆಗೇ ಹೇಳಿದ್ದು. ಆಮೇಲೆ ನನಗೆ ಬೇರೆ ಹೆಣ್ಣು ಕಣ್ಣಿಗೆ ಹತ್ತಲಿಲ್ಲ. ಸಾಗರದಲ್ಲಿದ್ದ ನನ್ನ ಸೋದರಮಾವನನ್ನು ಕರೆಸಿ ಮಾತಿಗೆ ಕಳಿಸಿದೆ.

ನಮ್ಮವರಲ್ಲಿ ಆಗ ಹೆಣ್ಣು ಒಪ್ಪಿಸುವ ಮಾತು ಕಳ್ಳಿನ ಮೇಲೆಯೇ ಆಗಬೇಕು. ಮೂರು ಕರಟ. ಮೊದಲನೆಯದು ಹೆಣ್ಣು ಕೇಳಿದ್ದಕ್ಕೆ, ಎರಡನೆಯದು ಕೊಟ್ಟಿದ್ದಕ್ಕೆ, ಮೂರನೆಯದು ಇನ್ನು ಹಿಂದಕ್ಕಿಲ್ಲ ಅನ್ನುವುದಕ್ಕೆ. ಹುಡುಗಿಯ ಮನೆಯ ಹಿರಿಯ ಹೆಂಗಸು ಎರೆಯಬೇಕು, ಹುಡುಗಿಯ ಅಪ್ಪ ಒಂದು ಗುಟುಕು ಕುಡಿದು ಕೊಡಬೇಕು, ಹುಡುಗ ಅದನ್ನು ಖಾಲಿ ಮಾಡಬೇಕು. ನೆಲಕ್ಕೆ ಚೆಲ್ಲಿದರೆ ಮಾತು ಮುರಿಯಿತು.

ಆದರೆ ಆಗ ನಮ್ಮ ಕಡೆ ಪಾನನಿರೋಧ. ಹಿಂದಿನ ವರ್ಷ ಪೊಲೀಸರು ಬಂದು ಹುಡುಗಿಯ ಅಪ್ಪನ ಗಡಿಗೆ ಒಡೆದು, ಅವರನ್ನು ಒಂದು ಹಗಲೆಲ್ಲ ಠಾಣೆಯಲ್ಲಿ ಕೂರಿಸಿ ಕಳಿಸಿದ್ದರು. ಆ ಮನುಷ್ಯನಿಗೆ ಹೆದರಿಕೆಯೂ ಇತ್ತು, ಕಳ್ಳಿಲ್ಲದೆ ಮಗಳನ್ನು ಕೊಡುವುದಿಲ್ಲ ಅನ್ನುವ ಹಟವೂ ಇತ್ತು.

"ಮನೇಲಿ ಬ್ಯಾಡ. ರೈಲಲ್ಲಿ ಮಾತಾಡಣ" ಅಂದರು ಮಾವನ ಹತ್ತಿರ.

"ರೈಲಲ್ಲಾ ಬಾವ?"

"ಹೌದು ಮಾರಾಯ. ಊರು ಪಟೇಲ್ರದ್ದು, ರಸ್ತೆ ತಾಲ್ಲೂಕಿನೋರದ್ದು, ಕಾಡು ಫಾರೆಸ್ಟಿನೋರದ್ದು. ಓಡೋ ರೈಲು ಯಾರದ್ದು ಹೇಳು? ಅರಸಾಳಲ್ಲಿದೆ ಅನ್ನೋದ್ರೊಳಗೆ ಅಲ್ಲಿರಲ್ಲ. ಗಾಲಿ ಉರುಳೋ ತನ್ಕ ಯಾವ ಕಾಯ್ದೆನೂ ಹತ್ತಲ್ಲ. ನಿಂತ್ರೆ ಮಾತ್ರ ಮುಚ್ಚಿಡ್ಬೇಕು."

ನಾಲ್ಕನೇ ತರಗತಿಯ ತನಕ ಇದನ್ನು ಯಾರೂ ಕಲಿಸಿರಲಿಲ್ಲ. ನಾನೂ ನಂಬಿದೆ.

ಹಾಗೆ ಒಂದು ಬೆಳಿಗ್ಗೆ ಅರಸಾಳಿನಲ್ಲಿ ಐದು ಜನ ಸಾಗರದ ರೈಲು ಹತ್ತಿದೆವು: ನಾನು, ನನ್ನ ಮಾವ, ಹುಡುಗಿಯ ಅಪ್ಪ, ಅವರ ತಾಯಿ, ಹುಡುಗಿ. ಸೀರೆ ಕೊಳ್ಳುವ ನೆಪ. ಅಜ್ಜಿಯ ಮಡಿಲ ಹತ್ತಿರ ಜೋನಿಬೆಲ್ಲದ ಡಬ್ಬ, ಅದರೊಳಗೆ ಬಗನಿ ಮರದ ಕಳ್ಳು. ಸಾಗರದಲ್ಲಿ ನನಗೆ ಮುಂದಿನ ಕೆಲಸ ಕಾದಿತ್ತಾದ್ದರಿಂದ ನನ್ನ ಅಡ್ಡಗರಗಸವೂ ಗೋಣಿ ಸುತ್ತಿಕೊಂಡು ಹಲಗೆಯ ಸೀಟಿನ ಕೆಳಗೆ ಮಲಗಿತ್ತು. ಬೋಗಿಯಲ್ಲಿ ನಮ್ಮನ್ನು ಬಿಟ್ಟರೆ ಆ ತುದಿಯಲ್ಲಿ ನಿದ್ದೆ ಹೋದವರು ಮೂರು ನಾಲ್ಕು ಜನ. ಹುಡುಗಿ ದೂರದ ಕಿಟಕಿಯಲ್ಲಿ ಬೆನ್ನು ತಿರುಗಿಸಿ ಕೂತಳು.

ಗಾಡಿ ಹೊರಟಿತು. ಕುಲುಕಾಟಕ್ಕೆ ಕಳ್ಳು ಉಕ್ಕಿ ಡಬ್ಬದ ಬಾಯಿಯ ಬಟ್ಟೆ ಬುಸ್ಸೆಂದು ಎದ್ದಿತು. ಅಜ್ಜಿ ಅದಕ್ಕೊಂದು ಏಟು ಕೊಟ್ಟು, "ಸುಮ್ಕಿರು, ನಿನ್ ಪಾಳಿ ಬಂತು" ಅಂದಳು. ಕರಟ ತುಂಬಿಸಿದಳು. ಹುಡುಗಿಯ ಅಪ್ಪ ಒಂದು ಗುಟುಕು ಎಳೆದು ನನ್ನ ಕೈಗಿಟ್ಟರು. ಕಣ್ಣು ಮುಚ್ಚಿ ಕುಡಿದೆ.

ಗಂಟಲಲ್ಲಿ ಹುಳಿ, ಹೊಟ್ಟೆಯಲ್ಲಿ ಬೆಚ್ಚಗೆ. ಸ್ವಲ್ಪ ಹೊತ್ತಿಗೆ ರೈಲು ನಿಂತುಬಿಟ್ಟಿದೆ, ಕಾಡೇ ಎದ್ದು ಹಿಂದಕ್ಕೆ ನಡೆಯುತ್ತಿದೆ ಅನ್ನಿಸತೊಡಗಿತು. ಮತ್ತಿ, ನಂದಿ, ಹೊನ್ನೆ. ಯಾವ ಮರ ಕಂಡರೂ ಎಷ್ಟು ಹಲಗೆ ಏಳುತ್ತದೆ ಎಂದು ನೋಡುತ್ತಿದ್ದವನು ನಾನು. ಅವತ್ತು ಅವು ಬರೀ ಮರಗಳಾಗಿದ್ದವು. ಎಲೆಗಳ ಸಂದಿಯ ಬಿಸಿಲು ಒಳಗೆ ಬಂದು ಅಜ್ಜಿಯ ಕೆನ್ನೆ, ಡಬ್ಬದ ಅಂಚು, ನನ್ನ ಮೊಣಕಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ಓಡುತ್ತಿತ್ತು. ಇಂಜಿನ್ನಿನ ಹೊಗೆ ಕಿಟಕಿಯ ಪಕ್ಕದಲ್ಲೇ ಮೆಲ್ಲಗೆ ಇಳಿದು ಪೊದೆಗಳ ಮೇಲೆ ಮಲಗುತ್ತಿತ್ತು. ಗಾಲಿಗಳು ಏನೋ ಹೇಳುತ್ತಿದ್ದವು; ಅರ್ಥವಾದಂತೆಯೇ ಇತ್ತು. ಹುಡುಗಿಯ ಜಡೆ ಕಿಟಕಿಯ ಗಾಳಿಗೆ ಎದ್ದು ಬೀಳುತ್ತಿತ್ತು. ನಾನು ಎಷ್ಟು ಹೊತ್ತು ಅದನ್ನು ನೋಡುತ್ತ ಕೂತೆನೋ ಗೊತ್ತಿಲ್ಲ. ಜೀವಮಾನದಲ್ಲಿ ಕೈಗೆ ಕೆಲಸವಿಲ್ಲದೆ ಕೂತಿದ್ದು ಅದೇ ಮೊದಲು.

ಕಾಡಿನ ನಡುವೆ ಗಾಡಿ ನಿಂತಿತು. ಸದ್ದೆಲ್ಲ ಅಡಗಿ ಜೀರುಂಡೆಗಳ ಕೂಗು ಮಾತ್ರ ಉಳಿಯಿತು.

ಮಾವ ಖಾಲಿ ಕರಟ ನೋಡಿ, "ಎರಡ್ನೇದು ಆಗ್ಲಿ ಬಾವ. ಇಲ್ಲಿ ಯಾವ ಊರೂ ಇಲ್ಲಲ್ಲ" ಅಂದ.

"ಗಾಲಿ ನಿಂತಿದೆ ಕಣೋ, ಮುಚ್ಚು! ಕೆಳಗಿರೋದು ಫಾರೆಸ್ಟಿನೋರ ನೆಲ" ಅಂದರು ಹುಡುಗಿಯ ಅಪ್ಪ.

ಹಿಂದಿನ ಸಂಜೆಯ ಗಾಳಿಗೆ ಹಳಿಯ ಮೇಲೆ ಮರ ಬಿದ್ದಿತ್ತು. ಗಾರ್ಡು ಬೋಗಿಯಿಂದ ಬೋಗಿಗೆ ಬಂದು, "ಯಾರ ಹತ್ರ ಆದ್ರೂ ಕೊಡಲಿ ಇದೆಯೇನ್ರಿ? ಗ್ಯಾಂಗಿನೋರು ಬರೋ ಹೊತ್ತಿಗೆ ಮಧ್ಯಾಹ್ನ ಆಗ್ತದೆ" ಅಂತ ಕೇಳಿದರು. ನಾನು ಗೋಣಿ ಬಿಚ್ಚಿ ಗರಗಸ ಎತ್ತಿ ತೋರಿಸಿದೆ. ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯೇ ಆಯಿತು.

ಒಬ್ಬರು ತಬ್ಬುವಷ್ಟು ದಪ್ಪದ ಮರ. ಎರಡು ಕಡೆ ಕೊಯ್ದು ನಡುವಿನ ತುಂಡು ಉರುಳಿಸಬೇಕು. ಇನ್ನೊಂದು ತುದಿಗೆ ಮಾವ ಬಂದ. ಅವನು ರೈಲು ಹತ್ತುವ ಮೊದಲೇ ಎಲ್ಲೋ ಶುರು ಮಾಡಿ ಬಂದವನು. ನಾಲ್ಕು ಎಳೆತಕ್ಕೆ ಮರದ ಮೇಲೆ ಒರಗಿ, "ಆಹಾ, ತಂಪಾಗಿದೆ" ಅಂತ ಕೆನ್ನೆ ಇಟ್ಟ. ಜನ ನಕ್ಕರು. ಅಜ್ಜಿ ಕಿಟಕಿಯಿಂದ, "ಏ, ಅವನ್ನ ಅತ್ಲಾಗೆ ಎಳೀರಾ, ಮರದ ಜೊತೆ ಅವನೂ ತುಂಡಾದಾನು!" ಅಂದಳು.

ಆಗ ಹುಡುಗಿ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗರಗಸದ ಆ ತುದಿಯ ಹಿಡಿ ಹಿಡಿದಳು.

ಗರಗಸ ನಡೆಯತೊಡಗಿತು. ಹಸಿ ಹುಡಿ ಅವಳ ಪಾದದ ಮೇಲೆ, ನನ್ನ ಪಾದದ ಮೇಲೆ ಬಿತ್ತು. ಹೋಗುವುದು, ಬರುವುದು. ಸುತ್ತ ನಿಂತವರ ಮಾತು ದೂರವಾಯಿತು. ಅವಳ ಉಸಿರು ಮತ್ತು ಗರಗಸದ ಉಸಿರು ಒಂದೇ ಆಯಿತು. ಹೀಗೇ ಸಾಗರ ಬರದೆ ಇರಲಿ, ಈ ಮರ ಇನ್ನೂ ದಪ್ಪ ಇರಲಿ ಅಂದುಕೊಂಡೆ.

"ತಳ್ಳಬ್ಯಾಡಿ. ನಿಮ್ ಕಡೆ ಎಳೀರಿ ಸಾಕು, ನನ್ ಕಡೆಗೆ ನಾನೇ ತಗೊಳ್ತೀನಿ" ಅಂದಳು ಮೆಲ್ಲಗೆ.

ನನಗೆ ಹೇಳಿಕೊಡುವುದೇ! ಆದರೆ ನಾನು ತಳ್ಳುತ್ತಿದ್ದುದು ನಿಜ.

"ಕೊಯ್ತ ವಾಲ್ತಿದೆ" ಅಂದಳು ಮತ್ತೆ.

ನೋಡಿದೆ. ನೆಟ್ಟಗೆ ಇಳಿಯಬೇಕಾದ ಕೊಯ್ತ ನನ್ನ ಕಡೆಗೆ ಓರೆಯಾಗಿ ಓಡಿತ್ತು. ಹನ್ನೆರಡು ವರ್ಷದ ಕೆಲಸದಲ್ಲಿ ಯಾರಿಂದಲೂ ಆ ಮಾತು ಕೇಳಿದವನಲ್ಲ.

"ಎಷ್ಟು ಕುಡಿದ್ರಿ?"

"ಒಂದು ಕರಟ."

"ಇನ್ನು?"

"ಎರಡಿದೆ. ನಿಮ್ಮಪ್ಪಯ್ಯ ಕೊಡ್ತಾರೆ."

ಗರಗಸವನ್ನು ಎರಡು ಸಲ ತನ್ನ ಕಡೆಗೆ ಎಳೆದಳು. "ಅಪ್ಪಯ್ಯ ಗದ್ದೆ ಅಂಚಲ್ಲಿ ಬಿದ್ದಿದ್ರೆ ಎತ್ಕೊಂಡು ಬರೋದು ನಾನೇ. ಒಬ್ಬರನ್ನ ಎತ್ತಿ ಸಾಕಾಗಿದೆ. ಇನ್ನೊಬ್ಬರನ್ನ ಎತ್ತಕ್ಕೆ ನಂಗೆ ಬೆನ್ನಿಲ್ಲ."

"ಕುಡೀದಿದ್ರೆ ನಿಮ್ಮಪ್ಪಯ್ಯ ಕೊಡಲ್ಲ."

"ಕುಡಿದ್ರೆ ನಾನು ಬರಲ್ಲ" ಅಂದಳು. ಅಷ್ಟರಲ್ಲಿ ಮರ ಲಟಕ್ಕೆಂದು ಬಿಟ್ಟುಕೊಂಡಿತು. ಇನ್ನೊಂದು ಕೊಯ್ತವನ್ನೂ ಮುಗಿಸಿದೆವು. ಹತ್ತು ಜನ ಸೇರಿ ತುಂಡನ್ನು ಹಳ್ಳಕ್ಕೆ ಉರುಳಿಸಿದರು. ಗಾರ್ಡು ಬಾವುಟ ಬೀಸಿದರು.

ಮುಂದೆ ಆನಂದಪುರದ ನಿಲ್ದಾಣದಲ್ಲಿ ಗಾಡಿ ನಿಂತಾಗ ಡಬ್ಬ ಮುಚ್ಚಿಯೇ ಇತ್ತು. ಅದು ದಾಟಿ ಗಾಲಿ ಉರುಳಿದ ಕೂಡಲೇ ಅಜ್ಜಿ ಎರಡನೆಯ ಕರಟ ಎರೆದಳು. ಹುಡುಗಿ ಈಗ ಅಜ್ಜಿಯ ಪಕ್ಕದಲ್ಲೇ ಕೂತಿದ್ದಳು. ಅವಳ ಅಪ್ಪ ಗುಟುಕು ಕುಡಿದು ನನ್ನ ಕಡೆ ಚಾಚಿದರು.

"ನನಗೆ ಬ್ಯಾಡ ಯಜಮಾನ್ರೇ. ಒಂದೇ ಕರಟಕ್ಕೆ ನನ್ ಕೊಯ್ತ ವಾಲಿದೆ. ಹೆಣ್ಣು ಬೇಕು, ಕಳ್ಳು ಬ್ಯಾಡ."

ಮಾವ ನನ್ನ ತೊಡೆ ಚಿವುಟಿದ. ಹುಡುಗಿಯ ಅಪ್ಪನ ಕೈ ಚಾಚಿದಂತೆಯೇ ನಿಂತಿತು.

"ನಾಕ್ನೇ ಕ್ಲಾಸು ಬಿಟ್ಟೋನಿಗೆ ಇಷ್ಟು ಕೊಬ್ಬಾ?"

"ಓದಿದ್ದು ಕಡಿಮೆ. ಕೊಬ್ಬು ದುಡಿದಿದ್ದರದ್ದು" ಅಂದೆ. ಹೆಣ್ಣು ಕೈತಪ್ಪಿತು ಅಂದುಕೊಂಡೆ.

ಕರಟದ ಬುಡ ಗುಂಡಗೆ. ಕೆಳಗಿಡಲಿಕ್ಕೆ ಬರುವುದಿಲ್ಲ. ಡಬ್ಬಕ್ಕೆ ವಾಪಸು ಸುರಿಯಲಿಕ್ಕೆ ಬಾಯಿ ಹಚ್ಚಿದ ಕಳ್ಳು. ಹೊರಗೆ ಚೆಲ್ಲಿದರೆ ಮಾತು ಮುರಿಯುತ್ತದೆ. ಆ ಮನುಷ್ಯ ಸಾಗರದ ತನಕ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಗಾಡಿ ವಾಲಿದಾಗ ಎದುರು ವಾಲಿದರು, ಕುಲುಕಿದಾಗ ಮೊಣಕೈ ಸಡಿಲ ಬಿಟ್ಟರು. ಒಂದು ಹನಿ ಬೀಳಲಿಲ್ಲ. ನಾನು ಹೊರಗೆ ನೋಡುತ್ತಿದ್ದೆ. ಗದ್ದೆ ಬಯಲು, ಕೆರೆ, ನೀರಿನಲ್ಲಿ ಮುಳುಗಿ ಮೂಗು ಮಾತ್ರ ಕಾಣುವ ಎಮ್ಮೆಗಳು, ಎಲ್ಲ ಬೇರೆ ಯಾರದೋ ಬದುಕಿನ ಹಾಗೆ ತೇಲಿಹೋಗುತ್ತಿದ್ದವು. ಅಮಲು ಇಳಿದಿರಲಿಲ್ಲ, ಆದರೆ ಅದರೊಳಗೆ ಒಂದು ಕಲ್ಲು ಕೂತಂತಿತ್ತು.

ಸಾಗರದ ಕೈಮರ ಕಂಡಿತು. ಇಂಜಿನ್ನು ಕೂಗಿತು. ಗಾಲಿಯ ಸದ್ದು ಬಿಡಿಬಿಡಿಯಾಗತೊಡಗಿತು. ದೂರದ ಪ್ಲಾಟ್‌ಫಾರಂ ಮೇಲೆ ಒಬ್ಬ ಪೊಲೀಸಿನವನು ನಿಂತಿದ್ದ.

"ಗಾಲಿ ನಿಲ್ತದೆ ಬಾವ, ಬೇಗ ಎಂತಾದ್ರೂ ಮಾಡಿ!" ಅಂದ ಮಾವ.

ಅವರು ಕರಟವನ್ನು ಕಿಟಕಿಯ ಹತ್ತಿರ ಒಯ್ದು ಮಗಳ ಮುಖ ನೋಡಿದರು. "ಚೆಲ್ಲಲಾ?"

ಹುಡುಗಿ ತಲೆ ತಗ್ಗಿಸಲಿಲ್ಲ. "ಬ್ಯಾಡ ಅಪ್ಪಯ್ಯ" ಅಂದಳು.

ಅವರು ಕರಟವನ್ನು ಬಾಯಿಗೆ ಎತ್ತಿ ಗಟಗಟ ಕುಡಿದರು. "ಎರೀ ಅವ್ವ, ಇನ್ನೊಂದು! ನಿಲ್ತದೆ!" ಅಜ್ಜಿ ಎರೆದಳು. ಅದನ್ನೂ ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿ, ನನ್ನ ಭುಜಕ್ಕೆ ಗುದ್ದಿದರು. "ನಿನ್ ಪಾಲಿಂದೂ ನಾನೇ ಕುಡಿದೆ. ಹಿಂದಕ್ಕಿಲ್ಲ, ತಿಳೀತಾ?" ಡಬ್ಬದ ತಳದಲ್ಲಿ ಉಳಿದದ್ದನ್ನು ಮಾವ ಎತ್ತಿ ಮುಗಿಸಿದ. ಗಾಡಿ ನಿಂತಿತು.

ಹುಡುಗಿಯ ಅಪ್ಪನಿಗೆ ಎದ್ದು ನಿಲ್ಲಲಿಕ್ಕೆ ಆಗಲಿಲ್ಲ. ಒಂದು ಕೈ ಹುಡುಗಿಯ ಹೆಗಲಿಗೆ, ಒಂದು ಕೈ ನನ್ನ ಹೆಗಲಿಗೆ ಹಾಕಿಸಿ ಇಳಿಸಿದೆವು. ಹಿಂದೆ ಮಾವ ಗರಗಸ ಹೊತ್ತು ದೊಡ್ಡ ಸಾಹುಕಾರನ ಹಾಗೆ ಗಂಭೀರವಾಗಿ ಬಂದ. ಪೊಲೀಸಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಆಗಿದೆ ಯಜಮಾನ್ರಿಗೆ?"

"ರೈಲು ಹತ್ತಿದ್ದು ಇದೇ ಮೊದ್ಲು ಕಣಪ್ಪ" ಅಂದಳು ಅಜ್ಜಿ, "ತಲೆ ತಿರುಗಿದೆ. ಮುದುಕಿ ನಾನೇ ಗಟ್ಟಿ ಇದೀನಿ, ಈಗಿನೋರಿಗೆ ಎಂತದೂ ತಡೆಯಲ್ಲ."

ಅವನು ನಕ್ಕು ದಾರಿ ಬಿಟ್ಟ. ಅವರ ಭಾರ ನನ್ನ ಕಡೆಗೇ ಹೆಚ್ಚು ಬರುವ ಹಾಗೆ ನಾನು ಸ್ವಲ್ಪ ಬಗ್ಗಿ ನಡೆದೆ. ಹುಡುಗಿಗೆ ಅದು ಗೊತ್ತಾಯಿತು.

ಮಳೆ ಹಿಡಿಯುವ ಮೊದಲೇ ಮದುವೆಯಾಯಿತು. ಎರಡು ಮೂರು ವರ್ಷದ ಮೇಲೆ ತೀರ್ಥಹಳ್ಳಿಯಲ್ಲಿ ಒಬ್ಬ ವಕೀಲರ ಮನೆಗೆ ಹಲಗೆ ಕೊಯ್ಯುವಾಗ ಓಡುವ ರೈಲಿನಲ್ಲಿ ಕಾಯ್ದೆ ಇದೆಯೋ ಇಲ್ಲವೋ ಎಂದು ಕೇಳಿದೆ. ನೆಲದ ಮೇಲೆ ಇದ್ದದ್ದೇ ಅಲ್ಲೂ ಇದೆ ಎಂದು ಅವರು ನಕ್ಕರು. ಹೆಂಡತಿಯ ಅಪ್ಪನಿಗೆ ಇದನ್ನು ನಾನು ಹೇಳಲಿಲ್ಲ. ಅವರು ಕೊನೆಯ ತನಕ ಆ ದಿನ ಸರ್ಕಾರಕ್ಕೆ ಚಳ್ಳೆಹಣ್ಣು ತಿನ್ನಿಸಿದೆ ಎಂದೇ ಸಂತೋಷದಲ್ಲಿದ್ದರು. ಹೆಂಡತಿ ನನ್ನ ಜೊತೆ ಹದಿನೈದು ವರ್ಷ ಗರಗಸ ಎಳೆದಳು. ಆಮೇಲೆ ಮಿಲ್ಲುಗಳು ಬಂದವು.

ಈಗ ನನಗಿರುವುದು ಇಷ್ಟು: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಮೊಮ್ಮಕ್ಕಳು ಐದು. ಎರಡು ಎಕರೆ ಗದ್ದೆ. ಹೆಂಚಿನ ಮನೆ ಒಂದು, ಅದಕ್ಕೆ ಬಾಗಿಲು ಆರು. ಗರಗಸ ನಾಲ್ಕು, ಹಲ್ಲು ಸರಿ ಇರುವುದು ಒಂದು. ಎಮ್ಮೆ ಎರಡು.