ಕರೆಂಟ್ ವಿಜ್ಞಾನಿಯ ಮದುವೆ ವಿಚಾರ

ಗೆಳೆಯರೇ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ನಾನು ಓದಿರುವುದು ನಾಲ್ಕನೇ ಕ್ಲಾಸು. ಇಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಅವ್ವನಿಗೂ ಪಕ್ಕದ ಮನೆಯ ಚಿಕ್ಕತಾಯಮ್ಮನಿಗೂ ವಿದ್ಯುತ್ ವಿಜ್ಞಾನಿಯೊಬ್ಬರ ಜೀವನಚರಿತ್ರೆ ಓದಿ ಹೇಳುತ್ತಿದ್ದೆ. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ ಎಂಬಲ್ಲಿಗೆ ಬಂದಾಗ ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಊರ್ಗೆಲ್ಲ ಕರೆಂಟ್ ಕೊಟ್ಟೋನ್ಗೆ ಒಂದ್ ಎಣ್ಣು ಸಿಕ್ಲಿಲ್ವಾ?"

"ಸಿಕ್ಕಿರ್ತವೆ ಕಣಕ್ಕಾ. ನಿನ್ ಮಗನಂಗೇ ಆಮೇಲೆ ಆಮೇಲೆ ಅಂದಿರ್ತಾನೆ," ಎಂದರು ಚಿಕ್ಕತಾಯಮ್ಮ.

"ಅವರಿಗೆ ಸಂಶೋಧನೆಯೇ ಮುಖ್ಯ ಆಗಿತ್ತು ಕಣವ್ವಾ," ಎಂದೆ.

"ನೀನೇನ್ಲಾ ಕಂಡಿಡ್ದಿದ್ದೀಯ? ಏಳು, ಕಳಲೆ ಊರ್ಗೋಗಿ ಎಣ್ಣು ನೋಡ್ಕಂಡ್ ಬರಾನ."

ಇಂಥ ಇಬ್ಬರು ಆ ವಿಜ್ಞಾನಿಯ ಮನೆಯಲ್ಲಿದ್ದಿದ್ದರೆ ನಮಗೆ ಇವತ್ತಿಗೂ ಸೀಮೆಎಣ್ಣೆ ಬುಡ್ಡಿಯೇ ಗತಿ. ಪುಸ್ತಕ ಮುಚ್ಚಿಟ್ಟು ಗಡ್ಡ ಬೋಳಿಸಿಕೊಂಡೆ.